ಬೀದಿಯ ಗೋಡೆಚಿತ್ರಗಳನ್ನು ಮಕ್ಕಳಿಗೆ ಪರಿಚಯಿಸುವುದು ಹೇಗೆ?

ಆರು ಮತ್ತು ಹತ್ತು ವರ್ಷದ ನಿಮ್ಮ ಮಕ್ಕಳು ಗೋಡೆಚಿತ್ರಗಳತ್ತ ಒಮ್ಮೆ ಕಣ್ಣುಹಾಯಿಸಿ ಮುಂದೆ ಓಡುತ್ತಾರೆ, ಆದ್ದರಿಂದ ಕಲಾವಿದರ ವಿಷಯವನ್ನೆಲ್ಲ ಮೊದಲೇ ತಿಳಿಸಿ ಕರೆದೊಯ್ಯಬೇಕೇ ಎಂದು ಕೇಳಿದ್ದೀರಿ. ಬೇಡವೆಂದೇ ಹೇಳುತ್ತೇನೆ. ಮಕ್ಕಳಿಗೆ ಚಿತ್ರಕಲೆ ಕಲಿಸುವ ನಾನು ಕಂಡಂತೆ, ಚಿತ್ರದ ಅರ್ಥಕ್ಕಿಂತ ಅದನ್ನು ಬರೆದ ಬಗೆಯೇ ಅವರನ್ನು ಮೊದಲು ಹಿಡಿದು ನಿಲ್ಲಿಸುತ್ತದೆ.

ಮೊದಲು ರಸ್ತೆಯ ಆಚೆ ಬದಿಯಿಂದ ಇಡೀ ಚಿತ್ರವನ್ನು ನೋಡಲಿ. ಆಮೇಲೆ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಕರೆದೊಯ್ಯಿರಿ. ಅಲ್ಲಿ ಮುಖ, ಮರ ಯಾವುದೂ ಇರುವುದಿಲ್ಲ, ಬರೀ ಬಣ್ಣದ ಪಟ್ಟೆಗಳು, ಇಳಿದು ಒಣಗಿದ ಹನಿಗಳು, ಗಾರೆಯ ಬಿರುಕುಗಳು. ಆಗ, ಅಟ್ಟಣಿಗೆಯ ಮೇಲೆ ನಿಂತವರಿಗೆ ಇಡೀ ಚಿತ್ರ ಕಾಣದಿದ್ದರೂ ಕಣ್ಣು ಎಲ್ಲಿ ಬರಬೇಕೆಂಬುದು ಹೇಗೆ ಗೊತ್ತಾಯಿತು ಎಂದು ಕೇಳಿ. ಉತ್ತರವನ್ನು ಮನೆಯಲ್ಲಿಯೇ ಕಂಡುಕೊಳ್ಳಬಹುದು: ಚಿಕ್ಕ ಚಿತ್ರವೊಂದರ ಮೇಲೆ ಸ್ಕೇಲಿನಿಂದ ಚೌಕಗಳನ್ನು ಎಳೆದು, ದೊಡ್ಡ ಹಾಳೆಯಲ್ಲಿ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಮಾಡಿ, ಒಬ್ಬೊಬ್ಬರಿಗೆ ಕೆಲವು ಚೌಕಗಳನ್ನು ಹಂಚಿಕೊಡಿ. ತನ್ನ ಚೌಕದ ಗೆರೆ ಪಕ್ಕದವರ ಗೆರೆಗೆ ಕೂಡದಿದ್ದಾಗ ಮಕ್ಕಳು ತಾವಾಗಿಯೇ ಮಾತಾಡಿಕೊಂಡು ತಿದ್ದತೊಡಗುತ್ತಾರೆ. ಸಮುದಾಯದ ಚಿತ್ರವೆಂದರೇನೆಂದು ನಾವು ವಿವರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಇಷ್ಟಾದ ಮೇಲೆ ಕಥೆಗಳಿಗೆ ಕಿವಿ ತೆರೆದಿರುತ್ತದೆ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ನೆರೆನೀರಿನ ಕಾಲುವೆಯ ಕಾಂಕ್ರೀಟ್ ಗೋಡೆಯ ಮೇಲೆ ಕಲಾವಿದೆ ಜೂಡಿ ಬಾಕಾ 1976ರಲ್ಲಿ ಆರಂಭಿಸಿದ ಸುಮಾರು 840 ಮೀಟರ್ ಉದ್ದದ ಚಿತ್ರಕ್ಕೆ ಬಣ್ಣ ಹಚ್ಚಿದವರು ಹೆಚ್ಚಾಗಿ ಆ ಊರಿನ ಹದಿಹರೆಯದವರು ಎಂಬ ಸಂಗತಿಯನ್ನು ನಿಮ್ಮ ದೊಡ್ಡ ಮಗುವಿಗೆ ಖಂಡಿತ ಹೇಳಿ. ಅನುಮತಿಯಿಲ್ಲದೆ ಗೋಡೆಯ ಮೇಲೆ ಬರೆಯುವುದು ತಪ್ಪಲ್ಲವೇ ಎಂದೂ ಆ ವಯಸ್ಸಿನವರು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯನ್ನು ತಪ್ಪಿಸಬೇಡಿ. ಅಮೆರಿಕದ್ದೇ ಇನ್ನೊಂದು ನಗರವಾದ ಫಿಲಡೆಲ್ಫಿಯಾದಲ್ಲಿ 1984ರಲ್ಲಿ, ಗೋಡೆಗೀಚನ್ನು ತಡೆಯಲು ಹೊರಟ ನಗರಾಡಳಿತದ ಯೋಜನೆಯೊಂದು ಗೀಚುತ್ತಿದ್ದ ಯುವಕರ ಕೈಗೇ ಕುಂಚ ಕೊಟ್ಟಿತು. ಅಲ್ಲಿ ಈಗ ಎಷ್ಟೋ ಚಿತ್ರಗಳನ್ನು ತೆಳುವಾದ ಬಟ್ಟೆಯ ಸುಮಾರು 5 ಅಡಿ ಚೌಕಗಳ ಮೇಲೆ ಒಳಾಂಗಣದಲ್ಲಿ ಬರೆದು, ಅನಂತರ ಅಂಟಿನಿಂದ ಗೋಡೆಗೆ ಕೂಡಿಸುತ್ತಾರೆ; ಹೀಗಾಗಿ ಏಣಿ ಹತ್ತಲಾಗದ ಮಕ್ಕಳೂ ವೃದ್ಧರೂ ಅದರಲ್ಲಿ ಕೈಜೋಡಿಸಬಹುದು.

ಒಂದೇ ಗೋಡೆಗೆ ಕೆಲವು ತಿಂಗಳ ಅಂತರದಲ್ಲಿ ಮತ್ತೆ ಮತ್ತೆ ಹೋಗುವುದು, ಹತ್ತು ಗೋಡೆಗಳನ್ನು ಒಂದೇ ದಿನ ತೋರಿಸುವುದಕ್ಕಿಂತ ಒಳ್ಳೆಯದು. ಬಿಸಿಲಿಗೆ ಯಾವ ಬಣ್ಣ ಮೊದಲು ಮಾಸಿತು, ಯಾರು ಮೇಲೆ ಬರೆದರು ಎಂಬುದನ್ನು ಮಕ್ಕಳು ನಮಗಿಂತ ಬೇಗ ಗುರುತಿಸುತ್ತಾರೆ. ಹತ್ತಿರದಲ್ಲಿ ಊರವರು ಸೇರಿ ಬಣ್ಣ ಹಚ್ಚುವ ದಿನವಿದ್ದರೆ ಹಳೆಯ ಬಟ್ಟೆ ತೊಡಿಸಿ ಕರೆದೊಯ್ಯಿರಿ, ಗೋಡೆಯ ಕೆಳಭಾಗದಲ್ಲಿ ಒಂದಿಷ್ಟು ಜಾಗ ಕೇಳಿ ಪಡೆಯಿರಿ. ಸ್ಪ್ರೇ ಡಬ್ಬಿಯನ್ನು ಮಾತ್ರ ಈ ವಯಸ್ಸಿನಲ್ಲಿ ಕೈಗೆ ಕೊಡಬೇಡಿ, ಅದರ ಆವಿ ಶ್ವಾಸಕೋಶಕ್ಕೆ ಹಾನಿಕರ. ನೀರಿನಲ್ಲಿ ಕರಗುವ ಬಣ್ಣ, ಅಗಲವಾದ ಕುಂಚ ಸಾಕು.