ದುಬೈಗೆ ಹೊಸದಾಗಿ ಬಂದ ಕುಮಟಾದ ತಮ್ಮನಿಗೆ

ತಮ್ಮಾ, ಕುಮಟಾದ ಅಂಗಡಿ ಮುಚ್ಚಿತು, ಸಾಲ ಉಳಿಯಿತು, ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು ಎಂದು ಬರೆದಿದ್ದೀಯ. ದುಬೈಯಲ್ಲಿ ಕೆಲಸ ಸಿಕ್ಕಿದೆ, ನಾಲ್ಕು ಜನರಿಗೆ ಉಪಕಾರ ಮಾಡಿಯಾದರೂ ಬದುಕು ಕಟ್ಟಿಕೊಳ್ಳಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀಯ. ದುಡ್ಡು ಕೊಡುವುದರಿಂದ ಶುರು ಮಾಡಬೇಡ. ಮೊದಲ ವರ್ಷ ಸಮಯ ಕೊಡು, ಕಿವಿ ಕೊಡು.

ನಮ್ಮ ಕಡೆಯವರಿಗೆ, ಭಟ್ಕಳದವರಿರಲಿ ಕಾರವಾರದವರಿರಲಿ, ಯಾರಿಗೋ ಕಷ್ಟ ಬಂತೆಂದರೆ ಬಂಡಿಹಬ್ಬಕ್ಕೆ ವಂತಿಗೆ ಎತ್ತಿದಂತೆ ವಾಟ್ಸಾಪ್ ಗ್ರೂಪಿನಲ್ಲಿ ಹಣ ಕೂಡಿಸುವ ಅಭ್ಯಾಸ. ಇಲ್ಲಿ ಪರವಾನಗಿ ಇಲ್ಲದೆ ದೇಣಿಗೆ ಎತ್ತುವುದು 2021ರ ಕಾನೂನಿನಂತೆ ಅಪರಾಧ, ಬಡವನ ಆಪರೇಷನ್ನಿಗೆ ಎಂದರೂ ಅಷ್ಟೇ. ಕೊಡಲೇಬೇಕೆಂದರೆ ರೆಡ್ ಕ್ರೆಸೆಂಟ್‌ನಂಥ ಪರವಾನಗಿ ಇರುವ ಸಂಸ್ಥೆಗೆ ಕೊಡು. ಇಲ್ಲಿಯ ಗುರುತಿನ ಚೀಟಿಯಾದ ನಿನ್ನ ಎಮಿರೇಟ್ಸ್ ಐಡಿ ಮೇಲೆ ಇನ್ನೊಬ್ಬನಿಗೆ ಸಿಮ್ ತೆಗೆದುಕೊಡಬೇಡ, ಅವನ ಹಣ ನಿನ್ನ ಖಾತೆಗೆ ಹಾಕಿಸಿಕೊಳ್ಳಬೇಡ, ಸಾಲಕ್ಕೆ ಜಾಮೀನು ನಿಲ್ಲಬೇಡ. ಆ ಸಿಮ್ಮಿನಿಂದ ಮೋಸದ ಕರೆ ಹೋದರೆ ಪೊಲೀಸರು ಹುಡುಕಿಕೊಂಡು ಬರುವುದು ನಿನ್ನನ್ನೇ. ಸೋತು ಬಂದವನಿಗೆ ಒಳ್ಳೆಯವನು ಅನ್ನಿಸಿಕೊಳ್ಳುವ ಹಂಬಲ ಜಾಸ್ತಿ, ಹಾಗಾಗಿ ಆಗುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಕಲಿಯಬೇಕಾದ ಮೊದಲ ಪಾಠ ಅದೇ.

ರಕ್ತದಾನ ಮಾಡಬಹುದು. ಲತೀಫಾ ಆಸ್ಪತ್ರೆಯಲ್ಲಿರುವ ದುಬೈ ರಕ್ತದಾನ ಕೇಂದ್ರಕ್ಕೆ ಐಡಿ ಹಿಡಿದು ಹೋಗು. ತೂಕ 50 ಕೆ.ಜಿ. ಇರಬೇಕು, ಹಿಮೋಗ್ಲೋಬಿನ್ ನೋಡಿ ಸುಮಾರು 450 ಮಿ.ಲೀ. ತೆಗೆಯುತ್ತಾರೆ. ರಾತ್ರಿ ಪಾಳಿ ಮುಗಿಸಿ ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆ ತಿರುಗುತ್ತದೆ. ಊರಿಂದ ಯಾವಾಗ ಬಂದೆ ಎಂಬುದನ್ನು ಮುಚ್ಚಿಡಬೇಡ. ಮಲೇರಿಯಾ ಕಾರಣಕ್ಕೆ ಕೆಲ ತಿಂಗಳು ಕಾಯಲು ಹೇಳಬಹುದು.

ಆದರೆ ನಿನ್ನ ಅಗತ್ಯ ಹೆಚ್ಚಾಗಿ ಇರುವುದು ನೀನು ಮಲಗುವ ಕಾರ್ಮಿಕರ ಕ್ಯಾಂಪಿನಲ್ಲೇ. ಓದು ಬರಹ ಕಡಿಮೆ ಇರುವವರಿಗೆ ಕರಾರು ಪತ್ರ ಓದಿ ಹೇಳು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ದುಡಿಸುವಂತಿಲ್ಲ, ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ. ಕಾರ್ಮಿಕ ಸತ್ತರೆ ದೇಹವನ್ನು ಊರಿಗೆ ಕಳಿಸುವ ಖರ್ಚು ಮಾಲೀಕನದು, 2022ರಲ್ಲಿ ಜಾರಿಯಾದ ಕಾನೂನು ಹಾಗೆ ಹೇಳುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು ಮತ್ತೆ ಸಾಲ ಮಾಡುತ್ತವೆ. ಯಾರಿಗಾದರೂ ಹುಷಾರಿಲ್ಲದಿದ್ದರೆ ಜೊತೆಗೆ ಆಸ್ಪತ್ರೆಗೆ ಹೋಗು. ಐಡಿ, ವಿಮೆ ಕಾರ್ಡು, ತಿನ್ನುತ್ತಿರುವ ಮಾತ್ರೆಯ ಪಟ್ಟಿ ಕೈಯಲ್ಲಿರಲಿ. ಅವನು ಹೇಳಿದ್ದನ್ನಷ್ಟೇ ಡಾಕ್ಟರಿಗೆ ದಾಟಿಸು, ನಿನ್ನದು ಸೇರಿಸಬೇಡ.

ಕೇಳಿಸಿಕೊಳ್ಳುವುದು ಎಲ್ಲಕ್ಕಿಂತ ಕಷ್ಟ. ಕೆಳಗಿನ ಬಂಕಿನವ ಮಾತು ತೆಗೆಯುವುದು ದೀಪ ಆರಿಸಿದ ಮೇಲೆ. ಆಗ ಫೋನು ಕವುಚಿಡು. ನಂದೂ ಹಾಗೇ ಆಗಿತ್ತು ಎಂದು ಶುರು ಮಾಡಬೇಡ, ಬುದ್ಧಿ ಹೇಳಬೇಡ. ಆಮೇಲೇನಾಯ್ತು ಎಂದಷ್ಟೇ ಕೇಳಿ ಸುಮ್ಮನಿರು. ಎದುರಿನವ ಅತ್ತರೆ ಕೂಡಲೇ ಏನಾದರೂ ಮಾಡಿ ಸರಿಪಡಿಸಬೇಕು ಅನ್ನಿಸುತ್ತದೆ, ಅಷ್ಟರಲ್ಲೇ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಇನ್ನೊಬ್ಬನ ಅಳುವಿನ ಎದುರು ಸಿಡುಕದೆ ಕೂರಲು ಕಲಿತವನಿಗೆ ಹೆಂಡತಿಯ ಸಿಟ್ಟಿನ ಮಾತನ್ನೂ ಪೂರ್ತಿ ಕೇಳುವ ತಾಳ್ಮೆ ಬರುತ್ತದೆ.

ವಾರದ ರಜೆಯಲ್ಲಿ ಇದಕ್ಕೆಲ್ಲ ಎರಡು ತಾಸು ಸಾಕು. ಇಡೀ ದಿನ ಊರವರ ಕೆಲಸಕ್ಕೆ ಓಡಾಡುತ್ತಿದ್ದೀಯ ಎಂದರೆ ಮನೆಯ ನೆನಪಿನಿಂದ ತಪ್ಪಿಸಿಕೊಳ್ಳುತ್ತಿದ್ದೀಯ. ಉಪಕಾರ ಪಡೆದವನು ನೆನೆಯಲಿಲ್ಲ ಎಂದು ಹೊಟ್ಟೆ ಉರಿದರೆ ಸ್ವಲ್ಪ ದಿನ ನಿಲ್ಲಿಸು. ಅವನ ಫೋಟೋ ಊರಿನ ಗ್ರೂಪಿಗೆ ಹಾಕಬೇಡ. ಒಪ್ಪಿಗೆ ಇಲ್ಲದೆ ಹಂಚಿದರೆ ಇಲ್ಲಿ ಕೇಸೂ ಆಗುತ್ತದೆ.

ಎರಡು ವಾರವಾದರೂ ನಿದ್ದೆ ಹತ್ತದಿದ್ದರೆ ಡಾಕ್ಟರ ಹತ್ತಿರ ಹೋಗು. ಬದುಕೇ ಬೇಡ ಅನ್ನಿಸಿದರಂತೂ ಅದೇ ದಿನ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 800 46342ಕ್ಕೆ ಕರೆ ಮಾಡಿದರೆ ಕಾನೂನು, ಸಾಲ, ಮನಸ್ಸಿನ ಸಂಕಟ ಎಲ್ಲದಕ್ಕೂ ಉಚಿತ ಸಲಹೆ ಸಿಗುತ್ತದೆ.

ಮಗಳಿಗೆ ದಿನಾ ಒಂದೇ ಹೊತ್ತಿಗೆ ಕರೆ ಮಾಡು. ವಾಟ್ಸಾಪ್ ಕರೆ ಇಲ್ಲಿ ನಡೆಯುವುದಿಲ್ಲ, ಬೋಟಿಮ್ ಎಂಬ ಕರೆಯ ಆ್ಯಪ್ ಹಾಕಿಕೋ, ಮನೆಯಲ್ಲೂ ಹಾಕಿಸು. ಊರು ನಮಗಿಂತ ಒಂದೂವರೆ ತಾಸು ಮುಂದೆ. ಅವಳು ಒಂಬತ್ತಕ್ಕೆ ಮಲಗುವುದಾದರೆ ಇಲ್ಲಿಯ ಏಳು ಗಂಟೆಗೆ ಹಚ್ಚು. ಅಮ್ಮ ಏನಂದಳು ಎಂದು ಅವಳ ಹತ್ತಿರ ಕೇಳಬೇಡ. ಅಮ್ಮನಿಗೆ ಹೇಳುವುದಿದ್ದರೆ ಅಮ್ಮನಿಗೇ ಬೇರೆ ಕರೆ ಮಾಡಿ ಹೇಳು.