ಮನೆ ಬಿಳಿಯಾಗಿರಲಿ, ಬೆಚ್ಚಗೂ ಇರಲಿ

ಬಿಳಿ, ಕೆನೆಬಣ್ಣ, ಮರಳುಬಣ್ಣಗಳಲ್ಲಿ ಮನೆ ಸಜ್ಜುಗೊಳಿಸುವ ಬಗ್ಗೆ ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಹಾಲ್‌ಗೆ ಅಚ್ಚ ಬಿಳಿ ಬಣ್ಣ ಹೊಡೆಸಿ ಬಿಳಿ ಪರದೆ, ಬಿಳಿ ಸೋಫಾ ಕವರ್ ಹಾಕಿದ್ದೇವೆ. ನೆಲಕ್ಕೆ ಐವರಿ ಬಣ್ಣದ ವಿಟ್ರಿಫೈಡ್ ಟೈಲ್ ಇದೆ. ಸಂಜೆಯಾದರೆ ನರ್ಸಿಂಗ್ ಹೋಮ್‌ನಲ್ಲಿ ಕೂತ ಹಾಗಾಗುತ್ತದೆ. ಮತ್ತೆ ಬಣ್ಣ ಹೊಡೆಸಲೇಬೇಕೆ?
– ಓದುಗರು, ದಾವಣಗೆರೆ

ಪೇಂಟರ್‌ನನ್ನು ಕರೆಯುವ ಮೊದಲು ದೀಪ ಬದಲಿಸಿ ನೋಡಿ. ತೊಂದರೆ ಸಂಜೆ ಮಾತ್ರ ಎನ್ನುತ್ತೀರಿ, ಹಾಗಾಗಿ ಗೋಡೆಗಿಂತ ಟ್ಯೂಬ್‌ಲೈಟ್ ಮೇಲೆಯೇ ಅನುಮಾನ ಹೆಚ್ಚು. ಡಬ್ಬದ ಮೇಲೆ 6500 ಕೆಲ್ವಿನ್ ಅಥವಾ 'ಕೂಲ್ ಡೇಲೈಟ್' ಎಂದಿದ್ದರೆ ಆ ಬೆಳಕಿನಲ್ಲಿ ನೀಲಿ ಅಂಶ ಜಾಸ್ತಿ. ಅಚ್ಚ ಬಿಳಿ ಗೋಡೆ ಅದನ್ನು ಹಾಗೇ ಹಿಂದಕ್ಕೆ ಎಸೆಯುತ್ತದೆ. ಹಾಲ್‌ಗೆ 3000 ಕೆಲ್ವಿನ್‌ನ 'ವಾರ್ಮ್ ವೈಟ್' ತನ್ನಿ. ಒಂದೇ ಕೋಣೆಯಲ್ಲಿ ಎರಡನ್ನೂ ಬೆರೆಸಬೇಡಿ. ಒಂದು ಗೋಡೆ ನೀಲಿ, ಇನ್ನೊಂದು ಹಳದಿಯಾಗಿ ಕಾಣುತ್ತದೆ. ಓದುವ ಮೇಜಿಗೂ ಅಡುಗೆಕಟ್ಟೆಗೂ 4000 ಕೆಲ್ವಿನ್ ಸಾಕು.

ದೀಪ ಎಲ್ಲಿದೆ ಎನ್ನುವುದೂ ಅಷ್ಟೇ ಮುಖ್ಯ. ಚಾವಣಿಯ ಒಂದೇ ದೊಡ್ಡ ಬೆಳಕು ನೆರಳನ್ನೆಲ್ಲ ಅಳಿಸಿಬಿಡುತ್ತದೆ. ಬಟ್ಟೆಯ ನೇಯ್ಗೆ, ಚಾಪೆಯ ಹೆಣಿಗೆ, ಮರದ ಗೆರೆ ಕಾಣಬೇಕಾದರೆ ಬೆಳಕು ಪಕ್ಕದಿಂದ ಬೀಳಬೇಕು. ಮೂಲೆಯಲ್ಲೊಂದು ನಿಲುವು ದೀಪ, ಸೋಫಾ ಪಕ್ಕ ಒಂದು ಮೇಜುದೀಪ, ಎದುರು ಗೋಡೆಗೊಂದು, ಹೀಗೆ 7–9 ವ್ಯಾಟ್‌ನ ಮೂರು ಬಲ್ಬುಗಳನ್ನು ಬೇರೆ ಬೇರೆ ಎತ್ತರದಲ್ಲಿ ಹಾಕಿ.

ಇನ್ನು ನೆಲದ ವಿಷಯ. ಐವರಿ ಟೈಲಿನೊಳಗೆ ಹಳದಿ ಇದೆ. ಅದರ ಪಕ್ಕ ನೀಲಿ ಛಾಯೆಯ ಅಚ್ಚ ಬಿಳಿ ಬಂದರೆ ಎಷ್ಟು ಒರೆಸಿದರೂ ನೆಲ ಕೊಳೆಯಾದಂತೆಯೇ ಕಾಣುತ್ತದೆ. ನೆಲವನ್ನು ಬದಲಿಸಲಾಗದು, ಆದ್ದರಿಂದ ಬಿಳಿಯನ್ನು ಆರಿಸುವಾಗ ನೆಲದಿಂದಲೇ ಶುರು ಮಾಡಬೇಕು. ಐವರಿ ಟೈಲಿಗೂ ಕೆಂಪು ರೆಡ್‌ಆಕ್ಸೈಡ್ ನೆಲಕ್ಕೂ ಹಳದಿಯ ಸುಳಿವಿರುವ ಬಿಳಿ ಹೊಂದುತ್ತದೆ. ಕೋಟಾ ಕಲ್ಲಿನ ಹಸಿರುಬೂದು ನೆಲಕ್ಕೆ ಬೂದಿಯ ಸುಳಿವಿರುವ ಬಿಳಿ ಒಳ್ಳೆಯದು. ದೀಪ ಬದಲಿಸಿದ ಮೇಲೂ ಹಗಲಿನಲ್ಲಿ ಗೋಡೆ ಮತ್ತು ನೆಲ ಜಗಳವಾಡುತ್ತಿದ್ದರೆ ಆಗ ಬಣ್ಣದ ಯೋಚನೆ ಮಾಡಿ.

ಕೊನೆಗೆ ಬಟ್ಟೆಬರೆ. ಗೋಡೆ, ಪರದೆ, ಸೋಫಾ ಮೂರೂ ಒಂದೇ ಬಿಳಿ, ಮೂರೂ ನುಣುಪು ಎಂದಾದರೆ ಕಣ್ಣಿಗೆ ನಿಲ್ಲಲು ಜಾಗವಿಲ್ಲ. ಗೋಡೆ ಎಲ್ಲಕ್ಕಿಂತ ತಿಳಿಯಾಗಿರಲಿ. ಸೋಫಾ ಕವರ್ ಒಂದು ಮೆಟ್ಟಿಲು ಕೆಳಗೆ, ಅಂದರೆ ಕೋರಾ ಬಟ್ಟೆಯ ಬಣ್ಣದಲ್ಲಿ. ನೆಲಹಾಸು ಇನ್ನೂ ಒಂದು ಮೆಟ್ಟಿಲು ಕೆಳಗೆ, ಬಣ್ಣ ಹಾಕದ ಸೆಣಬಿನದು. ದಿಂಬುಗಳಲ್ಲಿ ಎರಡಕ್ಕೆ ಒರಟು ಖಾದಿ, ಒಂದಕ್ಕೆ ಮೆತ್ತನೆಯ ಮಲ್ ಬಟ್ಟೆ. ಇಷ್ಟಾದ ಮೇಲೆ ಒಂದು ಗಾಢ ಬಣ್ಣ ಬೇಕೇ ಬೇಕು, ಇಲ್ಲದಿದ್ದರೆ ಉಳಿದವೆಲ್ಲ ಮಂಕಾಗುತ್ತವೆ. ಸೋಫಾದ ತೋಳಿನ ಮೇಲೆ ಮಡಚಿಟ್ಟ ಕಪ್ಪು ಕಂಬಳಿ ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ. ಬೀಟೆ ಮರದ ಹಳೆಯ ಸ್ಟೂಲ್ ಇದ್ದರೆ ಅದೂ ಸರಿ.

ಶೇಡ್ ಕಾರ್ಡಿನಲ್ಲಿ ತಿಳಿ ಕೆನೆಬಣ್ಣವಾಗಿದ್ದದ್ದು ಗೋಡೆಗೆ ಬಂದಾಗ ಬೆಣ್ಣೆ ಹಳದಿಯಾಯಿತು. ಅಂಗಡಿಯವರು ತಪ್ಪು ಬಣ್ಣ ಕೊಟ್ಟರೇ?
– ಓದುಗರು, ಹುಬ್ಬಳ್ಳಿ

ಕೊಟ್ಟದ್ದು ಸರಿಯೇ ಇರಬಹುದು. ನಾಲ್ಕು ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಚೆಲ್ಲುತ್ತವೆ, ಹಾಗಾಗಿ ಕಾರ್ಡಿನಲ್ಲಿ ಸುಳಿವಾಗಿದ್ದ ಹಳದಿ ಕೋಣೆಯಲ್ಲಿ ಗಟ್ಟಿಯಾಗುತ್ತದೆ. ಸಂಜೆ ಬಿಸಿಲು ಬೀಳುವ ಪಶ್ಚಿಮದ ಕೋಣೆಯಲ್ಲಿ ಇನ್ನೂ ಹೆಚ್ಚು. ಕಿಟಕಿಯಾಚೆ ದಟ್ಟ ಮರವಿದ್ದರೆ ಬಿಳಿಗೆ ಹಸಿರು ಛಾಯೆಯೂ ಬರುತ್ತದೆ.

ಚಿಕ್ಕ ಡಬ್ಬ ತಂದು, 2 ಅಡಿ ಚೌಕದ ಎರಡು ಡ್ರಾಯಿಂಗ್ ಶೀಟುಗಳಿಗೆ ಎರಡೆರಡು ಕೋಟ್ ಹಚ್ಚಿ. ಕೋಣೆಯ ಮೂಲೆಯಲ್ಲಿ, ಎರಡು ಗೋಡೆಗೆ ಒಂದೊಂದರಂತೆ ಪರಸ್ಪರ ಎದುರಾಗುವಂತೆ ಅಂಟಿಸಿ. ಬೆಳಿಗ್ಗೆ, ಸಂಜೆ ನಾಲ್ಕಕ್ಕೆ, ರಾತ್ರಿ ದೀಪ ಹಾಕಿದಾಗ ನೋಡಿ. ಹೋಲಿಸಲು ಪ್ರಿಂಟರ್ ಕಾಗದ ಹಿಡಿಯಬೇಡಿ. ಅದಕ್ಕೆ ಹೊಳಪಿನ ರಾಸಾಯನಿಕ ಸೇರಿಸಿರುವುದರಿಂದ ಅದರ ಪಕ್ಕ ಎಲ್ಲ ಬಿಳಿಯೂ ಹಳದಿಯೇ. ಎರಡು ಮೂರು ಬಿಳಿಗಳನ್ನು ಅಕ್ಕಪಕ್ಕ ಇಟ್ಟು, ಕೆಳಗೆ ನಿಮ್ಮ ನೆಲವೇ ಕಾಣುವಂತೆ ನೋಡಿ. ಮೆಚ್ಚಿದ ಬಣ್ಣ ತುಸು ಗಾಢ ಅನ್ನಿಸಿದರೆ ಅದೇ ಶೇಡನ್ನು ಅರ್ಧ ಪ್ರಮಾಣದಲ್ಲಿ ಬೆರೆಸಿಕೊಡಲು ಕೇಳಿ.

ಲೆಕ್ಕ ಹೀಗೆ: 10x12 ಅಡಿ ಕೋಣೆ, 10 ಅಡಿ ಎತ್ತರ ಎಂದರೆ ಗೋಡೆ 440 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 380. ಒಳ್ಳೆಯ ಎಮಲ್ಷನ್ ಲೀಟರಿಗೆ ಎರಡು ಕೋಟ್ ಸೇರಿ 120–140 ಚದರ ಅಡಿ ಬರುತ್ತದೆ, ಅಂದರೆ 3 ಲೀಟರ್ ಬೇಕು. 4 ಲೀಟರಿನ ಒಂದೇ ಡಬ್ಬ ತಗೊಳ್ಳಿ. ಬೇರೆ ದಿನ ಬೆರೆಸಿದ ಬಿಳಿ ಕೂದಲೆಳೆಯಷ್ಟು ಬೇರೆಯಾದರೂ ಗೋಡೆ ನಡುವೆ ಗೆರೆ ಎದ್ದು ಕಾಣುತ್ತದೆ.

ಐದು ಅಡಿ ಅಗಲದ ಕಿಟಕಿಗೆ ಕೋರಾ ಬಟ್ಟೆಯ ಪರದೆ ಹೊಲಿಸಬೇಕು. ಎಷ್ಟು ಮೀಟರ್ ತರಬೇಕು? ಒಗೆದರೆ ಗಿಡ್ಡವಾಗುತ್ತದಂತೆ, ನಿಜವೇ?
– ಓದುಗರು, ಮೈಸೂರು

ನಿಜ. ನೂರಕ್ಕೆ 5ರಿಂದ 10ರಷ್ಟು ಕುಗ್ಗುತ್ತದೆ. ನೂಲಿಗೆ ಹಾಕಿದ ಗಂಜಿ ಬಟ್ಟೆಯಲ್ಲೇ ಉಳಿದಿರುವುದರಿಂದ ಮೊದಲು ಬಿರುಸಾಗಿಯೂ ಇರುತ್ತದೆ. ಅದಕ್ಕೇ ಕತ್ತರಿ ಹಾಕುವ ಮೊದಲು ಇಡೀ ಥಾನನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಿಸಿನೀರಿನಲ್ಲಿ ಒಗೆದು ಒಣಗಿಸಿ. ಮತ್ತೊಮ್ಮೆ ಹಾಗೇ ಮಾಡಿದರೆ ಇನ್ನೂ ಖಾತ್ರಿ. ಬಟ್ಟೆಯಲ್ಲಿ ಕಾಣುವ ಕಂದು ಚುಕ್ಕೆಗಳು ಹತ್ತಿಬೀಜದ ಚೂರುಗಳು, ಅವನ್ನು ಹಾಗೇ ಬಿಡಿ. ಈ ಬಟ್ಟೆಯ ಚೆಲುವಿರುವುದೇ ಅಲ್ಲಿ.

ರಾಡ್ ಕಿಟಕಿಯ ಎರಡೂ ಬದಿಗೆ 8 ಇಂಚು ಚಾಚಲಿ, ಆಗ ಉದ್ದ 76 ಇಂಚು. ನೆರಿಗೆ ತುಂಬಿ ಬೀಳಲು ಅದರ ಎರಡರಷ್ಟು, ಅಂದರೆ 152 ಇಂಚು ಅಗಲ ಬೇಕು. 48 ಇಂಚು ಪನ್ನದ ಬಟ್ಟೆಯಾದರೆ ಕುಗ್ಗುವುದನ್ನೂ ಅಂಚಿನ ಹೊಲಿಗೆಯನ್ನೂ ಸೇರಿಸಿ ನಾಲ್ಕು ತುಂಡು. ರಾಡ್ ನೆಲದಿಂದ 90 ಇಂಚು ಮೇಲಿದ್ದರೆ, ಮೇಲೆ 4, ಕೆಳಗೆ 6 ಇಂಚು ಮಡಿಕೆ ಸೇರಿ 100. ಕುಗ್ಗುವ ಪಾಲು ಕೂಡಿಸಿದರೆ ತುಂಡಿಗೆ 111 ಇಂಚು, ಹತ್ತಿರ ಹತ್ತಿರ 2.8 ಮೀಟರ್. ಒಟ್ಟು ಹನ್ನೊಂದೂವರೆ ಮೀಟರ್ ತನ್ನಿ. ಜಿಪುಣತನ ಮಾಡಿ ಮೂರೇ ತುಂಡು ಹಾಕಿದರೆ ಪರದೆ ಮುಚ್ಚಿದಾಗ ಚಪ್ಪಟೆಯಾಗಿ ನಿಲ್ಲುತ್ತದೆ.

ಒಗೆಯುವಾಗ ಎಚ್ಚರ: 'ಹೆಚ್ಚು ಬಿಳುಪು' ಕೊಡುವ ಪುಡಿಗಳಲ್ಲಿರುವ ಹೊಳಪಿನ ಅಂಶ ಕೋರಾ ಬಣ್ಣವನ್ನು ನೀಲಿಬಿಳಿಗೆ ತಿರುಗಿಸುತ್ತದೆ. ನೀಲಿಯೂ ಬೇಡ. ಅಂಟುವಾಳ ಅಥವಾ ಬಣ್ಣದ ಬಟ್ಟೆಗೆಂದಿರುವ ದ್ರವ ಸೋಪು ಬಳಸಿ, ನೆರಳಿನಲ್ಲಿ ಒಣಗಿಸಿ.

ನಮ್ಮದು ಕೆಂಪುಕಲ್ಲಿನ ಹಳೆಯ ಮನೆ. ಈಗಿರುವ ಎಮಲ್ಷನ್ ಮೇಲೆ ಸುಣ್ಣ ಬಳಿಯಬಹುದೇ?
– ಓದುಗರು, ಕುಂದಾಪುರ

ಅದರ ಮೇಲೆ ಬೇಡ. ಸುಣ್ಣ ಗೋಡೆಯ ರಂಧ್ರಗಳಿಗೆ ಇಳಿದು, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುತ್ತದೆ. ಎಮಲ್ಷನ್ ಪೊರೆಯ ಮೇಲೆ ಅದಕ್ಕೆ ಹಿಡಿತವಿಲ್ಲ, ಮುಟ್ಟಿದರೆ ಕೈಗೆ ಬರುತ್ತದೆ, ಇಲ್ಲವೇ ಚಕ್ಕೆ ಏಳುತ್ತದೆ. ಗೋಡೆಗೆ ನೀರು ಚಿಮುಕಿಸಿ ನೋಡಿ: ಹೀರಿಕೊಂಡು ಕಪ್ಪಾದರೆ ಸುಣ್ಣ ಹಿಡಿಯುತ್ತದೆ, ಹನಿಯಾಗಿ ಜಾರಿದರೆ ಆ ಪೊರೆಯನ್ನು ಹೆರೆದು ತೆಗೆಯಲೇಬೇಕು. ನಿಮ್ಮ ಕಡೆಯ ಮಳೆಗೆ ಈ ಶ್ರಮ ಸಾರ್ಥಕ. ನೆಲದಿಂದ ಮೇಲೇರುವ ತೇವವನ್ನು ಸುಣ್ಣ ಹೊರಬಿಡುತ್ತದೆ, ಎಮಲ್ಷನ್ ಒಳಗೇ ತಡೆದು ಗುಳ್ಳೆ ಎಬ್ಬಿಸುತ್ತದೆ.

ಸುಟ್ಟ ಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಸುಣ್ಣದ ಮೇಲೆ ನೀರು ಸುರಿಯಬೇಡಿ. ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಕನ್ನಡಕ, ಕೈಗವಸು ಕಡ್ಡಾಯ. ಪ್ಲಾಸ್ಟಿಕ್ ಬಕೆಟ್ ಬೇಡ. ಎರಡು ದಿನ ಬಿಟ್ಟು ತೆಳುಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತನ್ನಿ. ಗೋಡೆ ಒದ್ದೆ ಮಾಡಿಕೊಂಡು ದಿನಕ್ಕೊಂದರಂತೆ ಮೂರು ಕೈ ಬಳಿಯಿರಿ. ಬಳಿಯುವಾಗ ಪಾರದರ್ಶಕವಾಗಿ ಕಾಣುತ್ತದೆ, ಒಣಗುತ್ತಾ ಬೆಳ್ಳಗಾಗುತ್ತದೆ. ಇದನ್ನು ತಿಳಿಯದೆ ದಪ್ಪ ಬಳಿದರೆ ಬಿರುಕು ಬಿಡುತ್ತದೆ.

ರೂಢಿಯಂತೆ ನೀಲಿ ಬೆರೆಸಿದರೆ ಬಿಳಿ ತಣ್ಣಗಾಗುತ್ತದೆ. ಬೆಚ್ಚನೆಯ ಬಿಳಿ ಬೇಕಿದ್ದರೆ ನೀಲಿ ಬಿಟ್ಟು, ನೀರಿನಲ್ಲಿ ಕಲಸಿದ ಹಳದಿ ಆಕ್ಸೈಡ್ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸಿ, ಒಣಗಿಸಿ ಬಣ್ಣ ನೋಡಿ. ಬುಡದಲ್ಲಿ ಒಂದು ಕಾವಿ ಪಟ್ಟಿ ಎಳೆದರೆ ಇನ್ನೂ ಚಂದ. ಬಿಳಿ ಸುಣ್ಣದ ಮೇಲೆ ಕಾವಿ ಕರಾವಳಿಯ ದೇವಸ್ಥಾನಗಳಲ್ಲಿ ಹಳೆಯ ಜೋಡಿ.

ಬಿಳಿ ಬಾಗಿಲುಗಳು ಹಳದಿಗಟ್ಟುತ್ತಿವೆ. ಏಕೆ?
– ಓದುಗರು, ತುಮಕೂರು

ಎಣ್ಣೆ ಮೂಲದ ಎನಾಮಲ್ ಬೆಳಕು ಕಡಿಮೆಯಿರುವಲ್ಲಿ ಹಳದಿಗಟ್ಟುತ್ತದೆ. ಬೀರುವಿನ ಒಳಭಾಗದಲ್ಲಿ ಇನ್ನೂ ಬೇಗ. 180, ಆಮೇಲೆ 220 ನಂಬರ್ ಉಜ್ಜುಕಾಗದ ಹಾಕಿ, ಧೂಳು ಒರೆಸಿ, ಪ್ರೈಮರ್ ಕೊಟ್ಟು, ನೀರು ಮೂಲದ ಎನಾಮಲ್ ಎರಡು ಕೋಟ್ ಹೊಡೆಸಿ. ಉಜ್ಜದೆ ಹೊಡೆದರೆ ಉಗುರು ತಾಗಿದಲ್ಲೆಲ್ಲ ಸುಲಿಯುತ್ತದೆ. ಆದರೆ ಒಳಗಿರುವುದು ತೇಗವಾದರೆ ದಯವಿಟ್ಟು ಮತ್ತೆ ಬಿಳಿ ಹೊಡೆಸಬೇಡಿ. ಬಣ್ಣ ತೆಗೆಸಿ ಮರವನ್ನೇ ಕಾಣಲು ಬಿಡಿ. ಬಿಳಿ ಗೋಡೆಯ ನಡುವೆ ಬೇಕಾದ ಕಂದು ಅಲ್ಲೇ ಸಿಗುತ್ತದೆ.