ಕಿಟಕಿಯಲ್ಲಿದ್ದ ಚಾಕು, ಬಾಲ್ಕನಿಯಲ್ಲಿದ್ದ ಹೆಂಗಸು

ಓದುಗರೊಬ್ಬರ ಪತ್ರ: "ಕಾನೂನು ಮಾಡುವುದು ಪಾರ್ಲಿಮೆಂಟು. ಬರೆದದ್ದನ್ನು ಓದಿ ತೀರ್ಪು ಕೊಟ್ಟರೆ ಮುಗಿಯಿತಲ್ಲ? ನ್ಯಾಯಾಧೀಶರು ಒಮ್ಮೆ ಅಕ್ಷರ ಹಿಡಿಯುತ್ತಾರೆ, ಇನ್ನೊಮ್ಮೆ ಉದ್ದೇಶ ಅನ್ನುತ್ತಾರೆ. ಇದು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುವುದಲ್ಲವೇ?"

ಸಂಪಾದಕರ ಉತ್ತರ:

ನಿಮ್ಮ ಅನುಮಾನಕ್ಕೆ ಬಲ ಕೊಡುವ ಉದಾಹರಣೆಯನ್ನು ಮೊದಲು ನಾನೇ ಕೊಟ್ಟುಬಿಡುತ್ತೇನೆ. 1960ರ ಇಂಗ್ಲೆಂಡ್. ಮುಖ್ಯ ನ್ಯಾಯಮೂರ್ತಿ ಲಾರ್ಡ್ ಪಾರ್ಕರ್. ಒಂದೇ ವರ್ಷದಲ್ಲಿ ಅವರು ಕೊಟ್ಟ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು ಲೈಂಗಿಕ ವೃತ್ತಿಯ ಹೆಂಗಸರ ಕೇಸು. "ಬೀದಿಯಲ್ಲಿ ಅಥವಾ ಸಾರ್ವಜನಿಕ ಜಾಗದಲ್ಲಿ" ಗಿರಾಕಿ ಕರೆಯುವುದು 1959ರ ಕಾಯ್ದೆಯ ಪ್ರಕಾರ ಅಪರಾಧ. ಇವರು ಬೀದಿಗೆ ಇಳಿದೇ ಇರಲಿಲ್ಲ. ಬಾಲ್ಕನಿಯಲ್ಲೋ ಕಿಟಕಿಯ ಹಿಂದೋ ಇದ್ದುಕೊಂಡು ಕೆಳಗೆ ಹೋಗುವ ಗಂಡಸರನ್ನು ಕರೆದಿದ್ದರು. ಪಾರ್ಕರ್ ಅವರು ಉದ್ದೇಶ ನೋಡಿದರು. ಜನ ಕಿರಿಕಿರಿಯಿಲ್ಲದೆ ಬೀದಿಯಲ್ಲಿ ಓಡಾಡಲಿ ಅಂತ ತಾನೇ ಈ ಕಾಯ್ದೆ? ಶಿಕ್ಷೆ ಖಾಯಂ.

ಎರಡನೆಯದು ಬ್ರಿಸ್ಟಲ್‌ನ ಒಂದು ಅಂಗಡಿ. ಗುಂಡಿ ಒತ್ತಿದರೆ ಅಲಗು ಚಿಮ್ಮುವ ಚಾಕು ಕಿಟಕಿಯಲ್ಲಿತ್ತು, ಹಿಂದೆ 4 ಶಿಲ್ಲಿಂಗ್ ಅಂತ ಬೆಲೆಚೀಟಿ. ಅಂಥ ಚಾಕುವನ್ನು "ಮಾರುವ ಪ್ರಸ್ತಾವ" ಮಾಡುವುದು ಅಪರಾಧ. ಇಲ್ಲಿ ಪಾರ್ಕರ್ ಅಕ್ಷರ ಹಿಡಿದರು. ಕೇಸು ಬಿದ್ದುಹೋಯಿತು!

ಹೀಗೆ ಹೇಳಿದರೆ ಸುಮ್ನೆ ಮನಸ್ಸಿಗೆ ಬಂದಂತೆ ಮಾಡಿದ್ದಾರೆ ಅನಿಸುತ್ತದೆ, ಅಲ್ವಾ? ಆದರೆ ಚಾಕುವಿನ ತೀರ್ಪನ್ನು ಪೂರ್ತಿ ಓದಿದರೆ ಬೇರೆಯೇ ಕಾಣುತ್ತದೆ. ಬೆಲೆ ಹಚ್ಚಿ ಇಟ್ಟದ್ದು ಪ್ರಸ್ತಾವ ಅಲ್ಲ ಅನ್ನುವುದು ಮೊದಲ ಓದಿಗೆ ತನಗೂ ಅಸಂಬದ್ಧ ಅನಿಸಿತ್ತು ಅಂತ ಪಾರ್ಕರ್ ಒಪ್ಪಿಕೊಳ್ಳುತ್ತಾರೆ. ತೊಡಕು ಇದ್ದದ್ದು ಒಪ್ಪಂದದ ಕಾನೂನಿನಲ್ಲಿ. ಅಲ್ಲಿ ಕಿಟಕಿಯಲ್ಲಿಟ್ಟ ವಸ್ತು ಬರೀ ಆಹ್ವಾನ. ಒಳಗೆ ಬಂದು "ಅದು ಕೊಡಿ" ಅನ್ನುವ ಗಿರಾಕಿಯದ್ದೇ ಪ್ರಸ್ತಾವ. ಒಪ್ಪುವುದೂ ಬಿಡುವುದೂ ಅಂಗಡಿಯವನ ಇಷ್ಟ. ಬೇರೆ ಕಾಯ್ದೆಗಳಲ್ಲಿ "ಮಾರಾಟಕ್ಕೆ ಪ್ರದರ್ಶಿಸಿದರೆ" ಅಂತಲೂ ಸೇರಿಸುತ್ತಿದ್ದ ಪಾರ್ಲಿಮೆಂಟು ಇದರಲ್ಲಿ ಬಿಟ್ಟಿತ್ತು. ಬಿಟ್ಟದ್ದನ್ನು ತುಂಬುವುದು ಕೋರ್ಟಿನ ಕೆಲಸ ಅಲ್ಲ. 1961ರಲ್ಲಿ ಪಾರ್ಲಿಮೆಂಟೇ ತಿದ್ದುಪಡಿ ತಂದು ತುಂಬಿತು.

ಬಾಲ್ಕನಿಯ ಕೇಸಿನಲ್ಲಿ ಪದಗಳೇ ಜಾಗ ಕೊಟ್ಟಿದ್ದವು. "ಬೀದಿಯಲ್ಲಿ" ಸರಿ, ಆದರೆ ಬೀದಿಯಲ್ಲಿ ಇರಬೇಕಾದವರು ಯಾರು? ಕರೆಯುವವರೋ, ಕರೆಸಿಕೊಳ್ಳುವವರೋ? ಕಾಯ್ದೆ ಹೇಳಿರಲಿಲ್ಲ. ಎರಡು ಅರ್ಥ ಇದ್ದಾಗ, ಯಾವ ಕೆಡುಕನ್ನು ತಡೆಯಲು ಈ ಕಾನೂನು ಬಂತು ಅಂತ ಕೇಳುವುದು ಹೊಸ ಚಾಳಿ ಏನಲ್ಲ. 1584ರ ಹೇಡನ್ ಪ್ರಕರಣದಿಂದಲೂ ಇದೆ. ಉದ್ದೇಶ ಹಿಡಿದು ಇರುವ ಅರ್ಥಗಳಲ್ಲಿ ಒಂದನ್ನು ಆರಿಸಬಹುದು, ಇಲ್ಲದ ಅರ್ಥ ಹುಟ್ಟಿಸಬಾರದು. ನಾನು ಗೆರೆ ಎಳೆಯುವುದು ಇಲ್ಲಿ.

"ಪಾರ್ಲಿಮೆಂಟಿನ ಚರ್ಚೆಯನ್ನೇ ತೆಗೆದು ನೋಡಬಹುದಲ್ಲ" ಅಂತ ನೀವು ಕೇಳಬಹುದು. ಬ್ರಿಟನ್ನಿನ ಕೋರ್ಟುಗಳು ಬಹುಕಾಲ ಅದನ್ನು ಮುಟ್ಟುತ್ತಲೇ ಇರಲಿಲ್ಲ. 1992ರಲ್ಲಿ ಬಾಗಿಲು ತೆರೆಯಿತು, ಅದೂ ಕಾಯ್ದೆಯ ಮಾತು ಅಸ್ಪಷ್ಟವಾಗಿದ್ದು ಮಂತ್ರಿಯ ಮಾತು ಸ್ಪಷ್ಟವಾಗಿದ್ದರೆ ಮಾತ್ರ. ನನಗೆ ಈ ಬಿಗಿಯೇ ಸರಿ ಅನಿಸುತ್ತದೆ. ಸದಸ್ಯರು ಮತ ಹಾಕಿದ್ದು ಮಸೂದೆಗೆ, ಭಾಷಣಕ್ಕಲ್ಲ.

ಆದರೆ ನನ್ನ ಗೆರೆಯನ್ನು ಪಾರ್ಕರ್ ಅವರೇ ದಾಟಿದ್ದುಂಟು. 1964ರ ಕೇಸು. ನಿಷೇಧಿತ ಸ್ಥಳದ "ಆಸುಪಾಸಿನಲ್ಲಿ" ಸೇನೆಯವರಿಗೆ ಅಡ್ಡಿ ಮಾಡುವುದು ಅಪರಾಧ. ಆರೋಪಿ ಸಿಕ್ಕಿದ್ದು ವಾಯುನೆಲೆಯ ಒಳಗೇ. "ನಾನು ಒಳಗಿದ್ದೆ, ಆಸುಪಾಸಿನಲ್ಲಿ ಇರಲಿಲ್ಲ" ಅಂತ ಅವನ ವಾದ. ಕೋರ್ಟು ಅದನ್ನು "ಒಳಗೆ ಅಥವಾ ಆಸುಪಾಸಿನಲ್ಲಿ" ಅಂತ ಓದಿ ಶಿಕ್ಷೆ ಎತ್ತಿಹಿಡಿಯಿತು. ಅವನ ವಾದ ಕೇಳಿದರೆ ನಗು ಬರುತ್ತದೆ, ನಿಜ. ಆದರೂ "ಒಳಗೆ" ಅನ್ನುವ ಪದ ಆ ಕಲಮಿನಲ್ಲಿ ಇರಲಿಲ್ಲ. ಈ ಒಂದು ಕೇಸಿನಲ್ಲಿ ನಾನು ನಿಮ್ಮ ಕಡೆ.